ಜಯತ್ತೆ ನುಂಗಿಕೊಂಡ ಕೆಮ್ಮು

ದಂಡಿಗನಹಳ್ಳಿಯ ಮಿಲ್ಲಿನಲ್ಲಿ ಒಣಮೆಣಸಿನಕಾಯಿ ಪುಡಿ ಮಾಡುವಾಗ ಒಳಗೆ ನಿಲ್ಲುತ್ತಿದ್ದವಳು ಜಯತ್ತೆ ಒಬ್ಬಳೇ. ಪುಡಿ ಮಾಡಿಸಲು ಬಂದವರೆಲ್ಲ ಮೂಗು ಮುಚ್ಚಿಕೊಂಡು ರಸ್ತೆಗೆ ಓಡುತ್ತಿದ್ದರು. ಇವಳು ಮಾತ್ರ ಮುಖಕ್ಕೊಂದು ಬಟ್ಟೆಯನ್ನೂ ಕಟ್ಟದೆ, ಕಣ್ಣು ಕೆಂಪು ಮಾಡಿಕೊಂಡು, "ಬನ್ರೋ ಒಳಕ್ಕೆ! ಸಾರು ಉಣ್ಣಕ್ಕೆ ಬೇಕು, ಘಾಟು ಮಾತ್ರ ಬ್ಯಾಡ್ವಾ?" ಎಂದು ಗಹಗಹಿಸಿ ನಗುತ್ತಿದ್ದಳು. ಆ ನಗು ಬಸ್‌ಸ್ಟ್ಯಾಂಡಿನವರೆಗೂ ಕೇಳುತ್ತಿತ್ತು.

ಅವಳು ನನ್ನಪ್ಪನ ತಂಗಿ. ಮಾವ ತೀರಿಹೋದ ಮೇಲೆ ಮಿಲ್ಲನ್ನು ಒಬ್ಬಳೇ ನಡೆಸಿದಳು. ರಾಗಿಹಿಟ್ಟನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ, "ಇನ್ನೊಂದ್ಸಲ ಹಾಕ್ಬೇಕು ಕಣವ್ವ, ಮುದ್ದೆ ಗಂಟಾಯ್ತದೆ" ಎನ್ನುವಳು. ಗಿರಾಕಿ ಸಾಕೆಂದರೂ ಬಿಡುತ್ತಿರಲಿಲ್ಲ. ಆ ವಿಷಯದಲ್ಲಿ ಮಹಾ ಹಟಮಾರಿ.

ಮೂರು ವರ್ಷದ ಹಿಂದೆ ಕೆಟ್ಟ ಜ್ವರವೊಂದು ಬಂದು, ಎದೆಯಲ್ಲಿ ಕಫ ಕಟ್ಟಿ, ಹದಿನೈದು ದಿನ ಮಲಗಿಬಿಟ್ಟಳು. ಜ್ವರ ಬಿಟ್ಟಿತು, ಕೆಮ್ಮು ಬಿಡಲಿಲ್ಲ. ಮೆಣಸಿನಕಾಯಿ ಹಾಗಿರಲಿ, ಯಾರಾದರೂ ಮಲ್ಲಿಗೆ ಮುಡಿದು ಪಕ್ಕ ಕೂತರೂ ಕೆಮ್ಮು. ಫ್ಯಾನಿನ ಗಾಳಿಗೆ ಕೆಮ್ಮು. ಜೋರಾಗಿ ನಕ್ಕರಂತೂ ಮುಗಿದೇ ಹೋಯಿತು. "ಗಂಟ್ಲೊಳಗೆ ಯಾರೋ ಗರಿ ಆಡಿಸ್ದಂಗಾಯ್ತದೆ ಮಗಾ" ಎನ್ನುತ್ತಿದ್ದಳು. ಚನ್ನರಾಯಪಟ್ಟಣದಲ್ಲಿ ಮೆಡಿಕಲ್ ಸ್ಟೋರ್ ಇಟ್ಟವಳು ನಾನು, ಎಲ್ಲ ಬಲ್ಲೆನೆಂಬ ಸೊಕ್ಕು ಬೇರೆ. ಎಕ್ಸ್‌ರೇ ತೆಗೆಸಿದೆ, ಕಫ, ರಕ್ತ ಪರೀಕ್ಷೆ ಮಾಡಿಸಿದೆ. ಎಲ್ಲವೂ ನಾರ್ಮಲ್ ಎಂದೇ ಬಂತು.

ಹೊಳೆನರಸೀಪುರದಲ್ಲಿ ನನ್ನ ಮಗಳ ನಿಶ್ಚಿತಾರ್ಥ. ಲಗ್ನಪತ್ರಿಕೆ ಓದುವ ಹೊತ್ತಿಗೆ ಸರಿಯಾಗಿ ಅತ್ತೆಗೆ ಕೆಮ್ಮು ಹತ್ತಿಕೊಂಡಿತು. ಓದುವುದು ನಿಂತಿತು. ಬೀಗರು ಮುಖ ಮುಖ ನೋಡಿಕೊಂಡರು. ನಾನು ಅವಳ ರಟ್ಟೆ ಹಿಡಿದು ಹೊರಗೆ ಎಳೆದೊಯ್ದೆ.

"ರಿಪೋರ್ಟಲ್ಲಿ ಏನೂ ಇಲ್ಲ ಅತ್ತೆ. ಎಲ್ರೂ ನಿನ್ನೇ ನೋಡ್ಲಿ ಅಂತ ಕೆಮ್ತೀಯಾ?"

"ಅಂಗಲ್ಲ ಮಗಾ..." ಎಂದಳು. ಮುಂದಿನ ಮಾತು ಕೇಳುವ ತಾಳ್ಮೆ ನನಗಿರಲಿಲ್ಲ.

ಅವತ್ತಿನಿಂದ ಅತ್ತೆ ನನ್ನೆದುರು ಒಮ್ಮೆಯೂ ಕೆಮ್ಮಲಿಲ್ಲ. ನಗುವುದೂ ಕಡಿಮೆಯಾಯಿತು, ಅದನ್ನು ನಾನು ಗಮನಿಸಲಿಲ್ಲ. ಬೈದದ್ದೇ ಮದ್ದಾಯಿತು ನೋಡಿ ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಂಡೆ. ಥೂ, ನನ್ನ ಜನ್ಮಕ್ಕಿಷ್ಟು! ಮಿಲ್ಲಿನ ಪಕ್ಕದ ಮನೆಯ ಸಾಕಮ್ಮ ಒಂದು ದಿನ ಮಾತ್ರೆ ಕೊಳ್ಳಲು ಬಂದಾಗ ಹೇಳಿದಳು: "ನೀವು ಬಂದಾಗೆಲ್ಲ ಜಯಮ್ಮಾರು ಬಾಯಿಗೆ ಸೆರಗು ತುರುಕ್ಕಂಡು ಕೂತಿರ್ತಾರೆ ಕಣಕ್ಕ. ನಿಮ್ ಬಸ್ಸು ಅತ್ಲಾಗ್ ಓದ್ಮೇಲೆ ವಾಂತಿ ಆಗೋಗಂಟ ಕೆಮ್ತಾರೆ. ನೋಡಕ್ಕಾಗಕಿಲ್ಲ."

ಮಾರನೆಯ ದಿನವೇ ಹಾಸನಕ್ಕೆ, ಶ್ವಾಸಕೋಶದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅದೇ ನಮ್ಮ ಕೊನೆಯ ಭೇಟಿ. ಹತ್ತೇ ದಿನಕ್ಕೆ ಹೃದಯ ನಿಂತು ಅತ್ತೆ ಹೋಗಿಬಿಟ್ಟಳು. ಔಷಧಿ ಹಿಡಿಯುವಷ್ಟು ಕಾಲವೂ ಸಿಗಲಿಲ್ಲ ಎಂಬ ಸಂಕಟ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಅವತ್ತು ಹಾಸನದಲ್ಲಿ ನೋಡಿದ ಡಾಕ್ಟರು ಚಿಕ್ಕ ವಯಸ್ಸಿನವರು. ಹಳೆಯ ರಿಪೋರ್ಟುಗಳನ್ನೆಲ್ಲ ನೋಡಿ, ಅತ್ತೆಯ ಎದೆ ಪರೀಕ್ಷಿಸಿ, ನಿಧಾನವಾಗಿ ಹೇಳಿದರು: "ಎದೆಯೊಳಗೆ ಉರಿಯೂತ ಆದಾಗ ಕೆಲವು ರಾಸಾಯನಿಕಗಳು ಹುಟ್ಟುತ್ತವೆ. ಅವು ಶ್ವಾಸಕೋಶದ ನರಗಳನ್ನು ತುಂಬಾ ಸೂಕ್ಷ್ಮ ಮಾಡಿಬಿಡುತ್ತವೆ. ಸುಟ್ಟ ಚರ್ಮಕ್ಕೆ ಬಟ್ಟೆ ತಾಕಿದ್ರೂ ಉರಿಯುತ್ತಲ್ಲ, ಹಾಗೆ. ಕೆಲವರಿಗೆ ಜ್ವರ ಹೋದ ಮೇಲೂ ಆ ಸೂಕ್ಷ್ಮ ಉಳಿದುಬಿಡುತ್ತೆ. ಅದು ಎಕ್ಸ್‌ರೇಲಿ ಕಾಣಲ್ಲ. ಅಮ್ಮಂದು ನಿಜವಾದ ಕಾಯಿಲೆ."

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡೇ ಇದೆಲ್ಲವನ್ನೂ ಕೇಳಿಸಿಕೊಂಡಳು. ಮುಖ ಕೆಂಪೇರಿತ್ತು, ಭುಜ ಅದುರುತ್ತಿತ್ತು, ಕಣ್ಣಲ್ಲಿ ನೀರು ತುಂಬಿತ್ತು. ನನ್ನ ಕಡೆ ತಿರುಗಿ ಸೆರಗನ್ನು ಒಂದಿಷ್ಟೇ ಸರಿಸಿದಳು.

"ಅಂಗಾರೆ ಈಗ ಕೆಮ್ಮಬೌದಾ ಮಗಾ? ಬೈಯಾಕಿಲ್ವಾ?"