ಹುಳದ ಮನೆ ಬಾಗಿಲಿಗೆ ಬರಬೇಕಿದ್ದ ಕಾರು

ನಾನು ಬ್ಯಾಟರಿ ಕಾರು ಬುಕ್ ಮಾಡಿದ್ದು ಪರಿಸರದ ಮೇಲಿನ ಪ್ರೀತಿಯಿಂದ ಎಂದು ನಮ್ಮ ಶಾಲೆಯಲ್ಲಿ ಎಲ್ಲರೂ ತಿಳಿದಿದ್ದರು. ನಾನೂ ತಿದ್ದಲು ಹೋಗಲಿಲ್ಲ. ದಿನಾ ಕೋಲಾರದಿಂದ ಮಾಲೂರು ದಾಟಿ ಲಕ್ಕೂರಿನ ಕಡೆ ಹೋಗಿ ವಿಜ್ಞಾನ ಹೇಳಿ ಬರುವ ಮೇಷ್ಟ್ರು ನಾನು. ಪರಿಸರ ಪ್ರೇಮಿ ಎಂಬ ಹೆಸರು ಪುಕ್ಕಟೆಯಾಗಿ ಸಿಗುವಾಗ ಬೇಡ ಅನ್ನುವುದೇಕೆ? ನಿಜವಾದ ಕಾರಣ ಹುತ್ತೂರಿನ ಹತ್ತಿರದ ಹಳ್ಳಿಯಲ್ಲಿರುವ ನನ್ನ ಅಕ್ಕನ ಮಂಡಿ ನೋವು, ಮತ್ತು ಅವಳ ರೇಷ್ಮೆ ಹುಳ.

ಅಕ್ಕನ ಮನೆಗೆ ಟಾರು ರಸ್ತೆ ಬಿಟ್ಟು ಒಳಗೆ ಹೋಗಬೇಕು. ತಿರುವಿನಲ್ಲಿ ಒಂದು ಹುಣಸೆ ಮರ. ಅಲ್ಲಿಂದ ಮನೆಗೆ ಮುನ್ನೂರು ಹೆಜ್ಜೆಯ ಕಲ್ಲು ದಾರಿ, ಸ್ವಲ್ಪ ಏರು. ಕಾರು ಹೋಗುವಷ್ಟು ಅಗಲವಿದೆ, ಆದರೆ ಹುಳ ಇರುವಾಗ ಎಂಜಿನ್ ಇರುವ ಯಾವ ಗಾಡಿಯೂ ಆ ಮರ ದಾಟುವಂತಿಲ್ಲ. ಬೈಕಿನಲ್ಲಿ ಬಂದವರು ಎಂಜಿನ್ ಆರಿಸಿ ತಳ್ಳಿಕೊಂಡು ಹೋಗುತ್ತಾರೆ. ಇದು ಅಕ್ಕ ಮಾಡಿದ ಕಾನೂನು. ಕೆಲವು ವರ್ಷಗಳ ಹಿಂದೆ ಮುಳಬಾಗಿಲಿನಿಂದ ಬಂದ ಅವಳ ಅಳಿಯ ಹುಳದ ಮನೆಯ ಎದುರಿಗೇ ಕಾರು ನಿಲ್ಲಿಸಿ, ಎಸಿ ಹಾಕಿಕೊಂಡು ಅರ್ಧ ಗಂಟೆ ಫೋನಿನಲ್ಲಿ ಮಾತಾಡಿದ. ಹುಳ ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಸೊಪ್ಪಿಗೆ ಬಾಯಿ ಹಾಕಿದ್ದ ಸಮಯ. ಎರಡು ದಿನದಲ್ಲಿ ಅಷ್ಟೂ ಹುಳ ಮೆತ್ತಗಾಗಿ ಸತ್ತವು. ಅದೇ ವಾರ ಪಕ್ಕದ ಹೊಲದವರು ಟೊಮ್ಯಾಟೊಗೆ ಔಷಧಿ ಹೊಡೆದಿದ್ದರು. ಕೊಂದಿದ್ದು ಔಷಧಿಯೇ ಎಂದು ನಾನು ವಾದಿಸಿದೆ. ಅಷ್ಟು ಹೊತ್ತಿಗೆ ಅಕ್ಕನ ತೀರ್ಪು ಆಗಿಹೋಗಿತ್ತು.

ಮಂಡಿ ಸವೆದಿದೆ, ಬದಲಾಯಿಸಬೇಕು ಎಂದು ಕೋಲಾರದ ಡಾಕ್ಟರು ಹೇಳಿದಾಗ ಅಕ್ಕ ಅಳಲಿಲ್ಲ, ಲೆಕ್ಕ ಹಾಕಿದಳು. ಆಪರೇಷನ್ ಆದ ಮೇಲೆ ಎರಡು ತಿಂಗಳು ವಾರಕ್ಕೆರಡು ಸಲ ವ್ಯಾಯಾಮಕ್ಕೆ ಆಸ್ಪತ್ರೆಗೆ ಬರಬೇಕು. ಆ ಹೊಸ ಕಾಲಿನಲ್ಲಿ ಮುನ್ನೂರು ಹೆಜ್ಜೆ ಕಲ್ಲು ದಾರಿ ಆಗದ ಮಾತು. ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೋಗ್ತೀವಿ ಅಂದಿದ್ದಕ್ಕೆ, "ನಾನಿನ್ನೂ ಸತ್ತಿಲ್ಲ ಕಣೋ" ಅಂದಳು. ನಮ್ಮ ಮನೆಯಲ್ಲೇ ಇರು ಅಂದರೆ, "ಹುಳ ಯಾರು ನೋಡ್ತಾರೆ? ಸೊಸೆ ಸೊಪ್ಪು ಹಾಕ್ತಾಳೆ, ಸರಿ. ಯಾವಾಗ ಹಾಕ್ಬಾರದು ಅಂತ ಅವಳಿಗೆ ಗೊತ್ತಾ?" ಹೊಗೆ ಬಿಡದ ಕಾರೊಂದಿದ್ದರೆ ಎಲ್ಲವೂ ಬಗೆಹರಿಯುತ್ತದೆ ಎಂದು ನನಗೆ ಹೊಳೆದದ್ದು ಆಗಲೇ. ವಿಜ್ಞಾನದ ಮೇಷ್ಟ್ರಿಗೆ ತನ್ನ ಬುದ್ಧಿಯ ಬಗ್ಗೆ ಹೆಮ್ಮೆ ಆಗದೆ ಇರುತ್ತದೆಯೇ? ಮುಂದಿನ ಭಾನುವಾರವೇ ಹೋಗಿ ಬುಕ್ ಮಾಡಿದೆ. ಎರಡು ತಿಂಗಳು ಅಂದರು ಶೋರೂಮಿನವರು. ಕಾರು ಬರಲಿ, ಆಮೇಲೆ ಆಪರೇಷನ್ ಎಂದು ಅಕ್ಕನೂ ಒಪ್ಪಿದಳು.

ಅಕ್ಕನ ಮನೆಯಲ್ಲಿ ಕಾಲ ಎಣಿಸುವುದು ಬೆಳೆಯಲ್ಲಿ. ಚಾಕಿ ಹುಳ, ಅಂದರೆ ಎಳೆ ಹುಳ, ತಂದ ದಿನದಿಂದ ಗೂಡು ಬಿಡಿಸಿ, ಮನೆ ತೊಳೆದು, ಮತ್ತೆ ಚಾಕಿ ತರುವವರೆಗೆ ಹೆಚ್ಚು ಕಡಿಮೆ ಒಂದೂವರೆ ತಿಂಗಳು. ನಾನೂ ಹಾಗೇ ಎಣಿಸತೊಡಗಿದೆ. ಮೂರು ಬೆಳೆ ಕಾಯುವುದು, ಅಷ್ಟರಲ್ಲಿ ಬಾರದಿದ್ದರೆ ರದ್ದು ಮಾಡುವುದು ಎಂದು ನನಗೆ ನಾನೇ ಗಡುವು ಹಾಕಿಕೊಂಡೆ.

ಮೊದಲ ಬೆಳೆ ಮುಗಿದಾಗ ಶೋರೂಮಿನ ಹುಡುಗಿ, "ನೆಕ್ಸ್ಟ್ ಮಂತ್ ಪಕ್ಕಾ ಸರ್" ಅಂದಳು. ಎರಡನೆಯದು ಮುಗಿದಾಗಲೂ ಅದೇ ದನಿಯಲ್ಲಿ ಅದನ್ನೇ ಅಂದಳು. ಪೆಟ್ರೋಲ್ ಗಾಡಿಯಾದರೆ ನಾಳೆಯೇ ಕೊಡುತ್ತೇವೆ ಅಂದರು. ನನ್ನ ಹಳೆಯದೂ ಪೆಟ್ರೋಲೇ. ಹುಣಸೆ ಮರದ ಕೆಳಗೆ ನಿಲ್ಲಿಸುವುದಕ್ಕೆ ಹೊಸದೇಕೆ? ಸ್ಟಾಫ್ ರೂಮಿನಲ್ಲಿ ಇದು ದಿನದ ಚರ್ಚೆಯಾಯಿತು. ಶ್ರೀನಿವಾಸಪುರದ ಕಡೆ ಮಾವಿನ ತೋಟವಿರುವ ಕನ್ನಡ ಮೇಷ್ಟ್ರು, "ಹೂವು ನೋಡಿ ಅಡ್ವಾನ್ಸ್ ಕೊಟ್ಟೋನು ಕಾಯಿ ಆಗೋವರ್ಗೂ ಕಾಯ್ಲೇಬೇಕು ಸಾರ್" ಅಂದರು. ಡ್ರಿಲ್ ಮೇಷ್ಟ್ರು ಕೂಡಲೇ ರದ್ದು ಮಾಡಿ ಅಂದರು. ನಾನು ಇಬ್ಬರಿಗೂ ತಲೆಯಾಡಿಸಿದೆ.

ಮೂರನೇ ಬೆಳೆ ಮುಗಿಯಿತು. ನನ್ನ ಗಡುವೂ ಮುಗಿಯಿತು. ಇಷ್ಟು ಕಾದವರು ಇನ್ನೊಂದು ಬೆಳೆ ಕಾಯಲಾರೆವೇ ಎಂದು ಅದನ್ನು ಮುಂದೂಡಿದೆ. ಗಡುವು ಹಾಕಿದವನೂ ನಾನೇ, ಮುರಿದವನೂ ನಾನೇ, ಕೇಳುವವರು ಯಾರು? ಈಗ ಬಿಟ್ಟರೆ ಕಳೆದದ್ದೆಲ್ಲ ದಂಡ, ನಾಳೆಯೇ ಗಾಡಿ ಬಂದುಬಿಟ್ಟರೆ ಎಂಬ ಆಸೆ ಬೇರೆ. ಹೀಗೆ ಕಾಯುವುದೇ ಒಂದು ಕೆಲಸವೆನಿಸಿ, ಅಕ್ಕನಿಗಾಗಿ ಏನೋ ಮಾಡುತ್ತಿದ್ದೇನೆ ಎಂಬ ಸಮಾಧಾನ ನನಗಿತ್ತು.

ತಿಂಗಳಿಗೊಮ್ಮೆ ಅವಳನ್ನು ಡಾಕ್ಟರ ಹತ್ತಿರ ಕರೆದೊಯ್ಯುತ್ತಿದ್ದೆ. ಮರದ ಕೆಳಗೆ ಹಳೆ ಕಾರು ನಿಲ್ಲಿಸಿ ಫೋನ್ ಮಾಡಿದರೆ ಅವಳೇ ಇಳಿದು ಬರುತ್ತಿದ್ದಳು. ಕೈ ಹಿಡಿಯಲು ಹೋದರೆ ಬೈಯುತ್ತಿದ್ದಳು. ಮೊದಲ ಬೆಳೆಯಲ್ಲಿ ನಿಧಾನವಾಗಿ ಬಂದಳು. ಮೂರನೆಯದರಲ್ಲಿ ಕೋಲು ಹಿಡಿದಿದ್ದಳು. ಕಾರಿನ ಬಾಗಿಲು ತೆಗೆಯುತ್ತಲೇ ತಮಾಷೆಗೆ ತೆಲುಗಿಗೆ ತಿರುಗಿ, "ಏಮಿರಾ, ನೀ ಕಾರು ವಚ್ಚಿಂದಾ?" ಅಂತ ಕೇಳುತ್ತಿದ್ದಳು. ಬಂದಿಲ್ಲ ಎಂದರೆ ಅವಳ ಮುಖದಲ್ಲಿ ಬೇಸರ ಕಾಣುತ್ತಿರಲಿಲ್ಲ. ತಾಳ್ಮೆ ದೊಡ್ಡದು ಅಂದುಕೊಂಡೆ. ನಾಲ್ಕನೇ ಬೆಳೆಯ ಶುರುವಿನಲ್ಲಿ ಡಾಕ್ಟರು ನನ್ನೊಬ್ಬನನ್ನೇ ಒಳಗೆ ಕರೆದು, ಒಂದು ಕಾಲಿನ ಭಾರವೆಲ್ಲ ಬಿದ್ದು ಇನ್ನೊಂದು ಮಂಡಿಯೂ ಹೋಗುತ್ತಿದೆ, ಇನ್ನೂ ತಡ ಮಾಡಿದರೆ ಎರಡನ್ನೂ ಕುಯ್ಯಬೇಕು, ಆಮೇಲೆ ಮೊದಲಿನ ಹಾಗೆ ನಡೆಯುತ್ತಾರೆ ಎಂದು ಹೇಳಲಾರೆ ಅಂದರು. ನಾನು ಹೊರಗೆ ಬಂದು ಶೋರೂಮಿಗೆ ಫೋನ್ ಮಾಡಿದೆ. ಇನ್ನು ಆರು ವಾರ ಅಂದರು. ಆರು ವಾರ ಅಂದರೆ ಒಂದು ಬೆಳೆ. ಸರಿ ಅಂದೆ. ಇವತ್ತಿಗೂ ಆ 'ಸರಿ' ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಐದನೇ ಬೆಳೆಗೆ ಮನೆ ತೊಳೆದಾಗಿತ್ತು. ಎರಡು ದಿನದಲ್ಲಿ ಚಾಕಿ ಬರುವುದಿತ್ತು. ಹುಳ ಇಲ್ಲದಿದ್ದರೂ ತೊಳೆದ ಮನೆಯ ಹತ್ತಿರ ಹೊಗೆ ಬೇಡವೆಂದು ಕಾರನ್ನು ಮರದ ಕೆಳಗೇ ನಿಲ್ಲಿಸಿ ಕಾಯುತ್ತಿದ್ದೆ. ಅಕ್ಕ ಅರ್ಧ ದಾರಿ ಬಂದು ನಿಂತಳು. ಆಮೇಲೆ ಕೋಲು ಪಕ್ಕಕ್ಕಿಟ್ಟು ಮೆಲ್ಲಗೆ ನೆಲದ ಮೇಲೆ ಕೂತಳು. ಬಿದ್ದದ್ದಲ್ಲ, ಕೂತದ್ದೇ. ಸುಧಾರಿಸಿಕೊಂಡು ಎದ್ದು ಬರುತ್ತಾಳೆಂದು ನೋಡಿದೆ. ಏಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

ನಾನು ಏರು ಹತ್ತಿ ಹೋಗಿ ಅವಳ ಪಕ್ಕದಲ್ಲಿ ಕೂತೆ. ಕಾರಿನ ವಿಷಯ ಹೇಳಬೇಕೆಂದು ಬಾಯಿ ತೆರೆದೆ. ಬಂದ ಮಾತು ಬೇರೆ.

"ಅಕ್ಕ, ಈ ಸಲ ಚಾಕಿ ತರೋದು ಬೇಡ. ಎರಡು ಬೆಳೆ ಬಿಟ್ಟುಬಿಡು. ಸಾಕು."

ಇಷ್ಟು ಸುಲಭದ ಮಾತು ಆರು ತಿಂಗಳಲ್ಲಿ ನನಗಾಗಲಿ, ಅವಳ ಮಗನಿಗಾಗಲಿ, ಸೊಸೆಗಾಗಲಿ ಹೊಳೆದಿರಲಿಲ್ಲ. ಹುಳ ಇಲ್ಲದಿದ್ದರೆ ಯಾವ ಗಾಡಿಯಾದರೂ ಬಾಗಿಲಿಗೆ ಹೋಗುತ್ತದೆ. ಆದರೆ ಬೆಳೆ ನಿಲ್ಲಿಸಿದ ಅಕ್ಕನನ್ನು ನಾವು ಯಾರೂ ನೋಡಿರಲಿಲ್ಲ. ಭಾವ ತೀರಿಕೊಂಡ ವಾರವೂ ಹುಳಕ್ಕೆ ಹೊತ್ತುಹೊತ್ತಿಗೆ ಸೊಪ್ಪು ಬಿದ್ದಿತ್ತು. ನನ್ನ ಓದು, ಅವಳ ಮಗಳ ಮದುವೆ, ಎಲ್ಲ ಆ ಗೂಡಿನಿಂದಲೇ. ಬೈಸಿಕೊಳ್ಳಲು ಸಿದ್ಧನಾಗಿ ತಲೆ ತಗ್ಗಿಸಿದೆ.

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಒರೆಸಿಕೊಂಡಷ್ಟೂ ಕಣ್ಣು ತುಂಬುತ್ತಿತ್ತು.

"ಇದನ್ನ ಹೇಳೋಕೆ ಇಷ್ಟು ದಿನ ಬೇಕಾಯ್ತಾ ನಿಂಗೆ? ಬಂದೋರೆಲ್ಲ ಬೆಳೆ ಹೆಂಗಿದೆ, ಗೂಡು ಹೆಂಗಾಯ್ತು ಅಂತ ಕೇಳಿದ್ರಿ. ಸಾಕು ಬಿಡು ಅಂತ ಒಬ್ರಾದ್ರೂ ಅಂತೀರೇನೋ ಅಂತ ನೋಡ್ತಿದ್ದೆ ಕಣೋ. ಕೈಲಾಗಲ್ಲ ಅಂತ ನಾನಾಗೇ ಹೆಂಗೋ ಹೇಳ್ಲಿ?"

ನನಗೆ ನಾಚಿಕೆಯಾಯಿತು. ಅವಳಿಗೆ ಬೇಕಾಗಿದ್ದು ಹೊಗೆ ಬಿಡದ ಗಾಡಿಯಲ್ಲ. ನಾನು ಅದನ್ನು ಹುಡುಕಿಕೊಂಡು ಹೋಗಿ, ಸಾಲಿನಲ್ಲಿ ನಿಂತು, ಅವಳ ಇನ್ನೊಂದು ಮಂಡಿಯನ್ನೂ ಸವೆಸಿದ್ದೆ.

ಅವಳು ಕೈ ಚಾಚಿದಳು. ಹಿಡಿದು ಎಬ್ಬಿಸಿದೆ. ಈ ಸಲ ಬೈಯಲಿಲ್ಲ, ಪೂರ್ತಿ ಭಾರ ನನ್ನ ಮೇಲೆ ಬಿಟ್ಟಳು. ನಾಲ್ಕು ಹೆಜ್ಜೆ ಇಳಿದ ಮೇಲೆ, "ಆಪರೇಷನ್ ಮಾಡೋವಾಗ ನೋವು ಗೊತ್ತಾಗುತ್ತಾ?" ಅಂತ ಕೇಳಿದಳು. ಆರು ತಿಂಗಳಲ್ಲಿ ಅವಳು ಅದನ್ನು ಕೇಳಿದ್ದು ಅದೇ ಮೊದಲು.