ಬಿಸಿನೀರು ಕೇಳುವ ವಿದುಷಿ

ತಂತಿ ಎಳೆದ ಮಾತ್ರಕ್ಕೆ ಮನೆ ಬೆಳಗಿತೆನ್ನಬಾರದು, ಒಲೆ ಕೊಟ್ಟ ಮಾತ್ರಕ್ಕೆ ಹೊಗೆ ತೊಲಗಿತೆನ್ನಬಾರದು ಎಂದು ಬಡ ದೇಶಗಳ ಇಂಧನ ಸಂಶೋಧನೆಗೆ ಕಲಿಸಿದವರಲ್ಲಿ, ಈಗ ನಿವೃತ್ತರಾಗುತ್ತಿರುವ ನಮ್ಮ ದೊಡ್ಡ ಮೇಡಂ ಅಗ್ರಗಣ್ಯರು. ಅವರ ಶಿಷ್ಯರೆಲ್ಲ ಅವರನ್ನು ಗೌರವಿಸಿದರು. ಕಿರಿಯ ಸಂಶೋಧಕಿಯೊಬ್ಬಳು ಮಾತ್ರ ಗೌರವದ ಜೊತೆಗೆ ಹೊಟ್ಟೆಕಿಚ್ಚೂ ಪಟ್ಟಳು. ಹಿರಿಮೆಗೆ ಅದಕ್ಕಿಂತ ನಂಬಿಕಸ್ಥ ಸಾಕ್ಷಿ ಬೇಕೆ?

ಅವಳು ಸೇರಿದ ವರ್ಷವೇ ಮೇಡಂ ಒಂದು ಬೀದಿಯ ಅಧ್ಯಯನವನ್ನು ಅವಳಿಗೆ ಒಪ್ಪಿಸಿದರು. ಸರ್ಕಾರ ಹಂಚಿದ ಕರೆಂಟ್ ಒಲೆಗಳು ಮನೆಮನೆಯಲ್ಲೂ ಫಳಫಳ ಹೊಳೆಯುವುದನ್ನು ಕಂಡು, ‘ಈ ಬೀದಿ ಸೌದೆ ಬಿಟ್ಟಿದೆ’ ಎಂದು ಅವಳು ಬರೆದಳು. ಇಲಾಖೆ ಅದನ್ನು ಒಪ್ಪಿದ್ದರೆ ಅವಳಿಗೆ ಹೆಸರು. ಇನ್ನೂ ಸೌದೆ ಉರಿಸುವ ಮನೆಗಳಿಗೆಂದು ಬೀದಿಗೆ ಬರಬೇಕಿದ್ದ ನೆರವಿಗೆ ಎಳ್ಳುನೀರು.

ವರದಿ ಕಳಿಸುವ ಮುನ್ನ ಮೇಡಂ ಒಮ್ಮೆ ಜೊತೆಗೆ ಬಂದರು. ಬಟ್ಟೆ ಹೊಲಿಯುವಾಕೆಯ ಹೊಸ್ತಿಲಲ್ಲಿ ಕೂತು, “ಗಂಟಲು ಕಟ್ಟಿದೆ ತಾಯಿ, ಒಂದು ಲೋಟ ಬಿಸಿನೀರು ಕೊಡ್ತೀಯಾ?” ಎಂದರು. ಯಾವ ಮನೆಗೆ ಹೋದರೂ ಅವರ ಮೊದಲ ಪ್ರಶ್ನೆ ಅದೇ. ಆಕೆ ಹೊಳೆಯುವ ಒಲೆಯನ್ನು ದಾಟಿ ಹಿತ್ತಲಿಗೆ ನಡೆದಳು. ಬಂದ ನೀರು ಹೊಗೆ ನಾರುತ್ತಿತ್ತು.

“ಅಕ್ಕಾ, ಕರೆಂಟ್ ಒಲೆ ಇದೆ ಅಂದ್ರಲ್ಲ!” ಎಂದಳು ಕಿರಿಯಳು.

“ಇದೆಯಾ ಅಂತ ಕೇಳಿದ್ರಿ, ಇದೆ ಅಂದೆ. ಹಚ್ತೀಯಾ ಅಂತ ಕೇಳಿದ್ರಾ? ಹಚ್ಚಿದ್ರೆ ಮೀಟರು ಕುದುರೆ ಥರ ಓಡುತ್ತೆ ಕಣವ್ವಾ. ಅದು ನೆಂಟರಿಗೆ ತೋರ್ಸೋಕೆ!”

ಮೇಡಂ ನಕ್ಕರು, ಆಕೆಯೂ ನಕ್ಕಳು. ಕಿರಿಯಳಿಗೆ ಅಜ್ಜಿಯ ಕಥೆಯ ರಾಣಿಯರು ನೆನಪಾದರು. ಹಿರಿಯ ರಾಣಿ ಬೆರಳು ಸೋಕಿಸಿದರೆ ಬೀಗ ಕಳಚುತ್ತಿತ್ತು. ಕಿರಿಯ ರಾಣಿಯ ಕೈಯಲ್ಲಿ ಚಿನ್ನದ ಕೀಲಿಯಿದ್ದರೂ ಬಾಗಿಲು ಮಿಸುಕುತ್ತಿರಲಿಲ್ಲ.

ಬೈದಿದ್ದರೆ ಅಸೂಯೆಗೊಂದು ನೆಪವಾದರೂ ಸಿಗುತ್ತಿತ್ತು. ಮೇಡಂ ಅದನ್ನೂ ಕೊಡಲಿಲ್ಲ. ಸಭೆಯಲ್ಲಿ, “ವರದಿ ಮುಗಿದಿಲ್ಲ, ಇವಳು ಇನ್ನೊಂದು ಸುತ್ತು ಹೋಗ್ತಾಳೆ” ಎಂದಷ್ಟೇ ಹೇಳಿದರು. ಅವಳು ಹೋದಳು, ಪ್ರತಿ ಮನೆಯಲ್ಲೂ ಬಿಸಿನೀರು ಕೇಳಿದಳು. “ದೊಡ್ಡ ಮೇಡಂ ಹೇಳ್ಕೊಟ್ರಾ?” ಎಂದು ಹೆಂಗಸರು ಮುಸಿಮುಸಿ ನಕ್ಕಾಗ ಮೈಯೆಲ್ಲ ಉರಿಯಿತು, ಆದರೂ ಕುಡಿದಳು, ನಿಜ ಬರೆದಳು. ನೆರವು ಉಳಿಯಿತು. ಆ ಅಧ್ಯಯನದ ಪ್ರಬಂಧ ಅಚ್ಚಾದಾಗ ಮೇಡಂ ಅವಳ ಹೆಸರನ್ನೇ ಮೊದಲು ಹಾಕಿಸಿದರು. ಆ ಔದಾರ್ಯವನ್ನು ಅವಳು ಇನ್ನೂ ಪೂರ್ತಿ ಕ್ಷಮಿಸಿಲ್ಲ.

ದೊಡ್ಡ ಮೇಡಂ ನೂರ್ಕಾಲ ಬಾಳಲಿ, ಅರ್ಧಕ್ಕೆ ನಿಂತಿರುವ ಗ್ರಂಥವನ್ನು ಮುಗಿಸಲಿ, ಮನಸ್ಸು ಬಂದ ಬೀದಿಗಳಿಗೆಲ್ಲ ಹೋಗಲಿ. ಕಿರಿಯಳದು ಒಂದೇ ಬೇಡಿಕೆ: ಎಲ್ಲಾದರೊಂದು ಬೀದಿಗೆ, ಅವರಿಗಿಂತ ಮೊದಲು ತಾನು ಕಾಲಿಡುವಂತಾಗಲಿ.