ಘಟಸರ್ಪದ ಮಂಚ

ಹಿಂದೂಪುರದಲ್ಲಿ ನಾನೂ ನನ್ನ ಗಂಡನೂ ಆಡುತ್ತಿದ್ದುದು ಒಂದು ದಾಳದಾಟದ ಹೊಸ ಎಡಿಷನ್. ಕಲ್ಯಾಣದುರ್ಗದಲ್ಲಿ ಅಣ್ಣ, ಅತ್ತಿಗೆ ಆಡುತ್ತಿದ್ದುದು ಹಳೆಯದು. ಆಟವೆಂದರೆ, ಒಬ್ಬರು ಕತ್ತಿವೀರ, ಇನ್ನೊಬ್ಬರು ಮಂತ್ರವಾದಿ ಎಂದು ಪಾತ್ರ ಹಂಚಿಕೊಂಡು, ಮೇಜಿನ ಸುತ್ತ ಕೂತು ದಾಳ ಉರುಳಿಸುತ್ತ ಒಂದು ಕಥೆಯೊಳಗೆ ಹೋಗುವುದು. ಕಥೆ ನಡೆಸುವವಳು ನಾನು. ರಾಕ್ಷಸರ ಪರವಾಗಿ ದಾಳ ಹಾಕುವುದೂ ನನ್ನ ಕೆಲಸವೇ.

ಹೊಸ ಎಡಿಷನ್ನಿನಲ್ಲಿ ಕಾಳಗ ಶುರುವಾದರೆ ಮುಗಿಯುವುದೇ ಇಲ್ಲ. ಹಾಗಾಗಿ ಒಂದು ಭಾನುವಾರ ಅಣ್ಣನ ಮನೆಗೆ ಹೋದಾಗ ಅವನ ಹಳೆಯ ಎಡಿಷನ್ನಿನ ಪುಸ್ತಕದಿಂದ ಒಂದೇ ಒಂದು ನಿಯಮ ಎರವಲು ಪಡೆದೆ. ಪೆಟ್ಟು ತಿಂದ ಪ್ರಾಣಿಗೆ ಇನ್ನೂ ಧೈರ್ಯ ಉಳಿದಿದೆಯೇ ಎಂದು ದಾಳ ಹಾಕಿ ನೋಡುವುದು. ಅಂದೇ ನಾಲ್ವರೂ ಆಡಲು ಕೂತೆವು. ನಾನು ಅಕ್ಕರೆಯಿಂದ ಸಿದ್ಧಮಾಡಿದ್ದ, ಬೆಂಕಿ ಉಗುಳುವ ಘಟಸರ್ಪ, ನನ್ನ ಗಂಡನ ಮೊದಲ ಏಟಿಗೇ ಗವಿ ಬಿಟ್ಟು ಓಡಿಹೋಯಿತು.

"ಓಡೋಗ್ಬುಡ್ತಾ? ಸೋಲಿಸಿದ್ರೆ ತಾನೆ ನಂಗೆ ಪಾಯಿಂಟು?" ಎಂದರು ಅವರು.

"ನಮ್ ಬುಕ್ಕಲ್ಲಿ ಹಂಗಲ್ಲ ಕಣಪ್ಪ. ನಿಧಿ ಈಚೆಗೆ ತಂದ್ರೆ ಪಾಯಿಂಟು" ಎಂದ ಅಣ್ಣ.

"ಹಂಗಾದ್ರೆ ಆ ರೂಲೂ ತಗಳಾನ ಭಾವ."

ಗವಿಯಲ್ಲಿದ್ದುದು ಘಟಸರ್ಪ ಮಲಗುವ ಬಂಗಾರದ ಮಂಚ ಮಾತ್ರ. ಅಂದಕ್ಕಿರಲಿ ಎಂದು ಇಟ್ಟಿದ್ದೆ. ಅದು ಗವಿಯ ಬಾಗಿಲಲ್ಲಿ ಹಿಡಿಸುತ್ತದೆಯೇ? ಎರಡೂ ಪುಸ್ತಕದಲ್ಲಿ ಅದಕ್ಕೆ ನಿಯಮವಿರಲಿಲ್ಲ.

"ನಮ್ ರೂಮಿನ ಮಂಚ ಬಾಗಿಲಾಗೆ ಹಿಡಿಸ್ತದಾ ನೋಡೇಬುಡಾನ" ಎಂದು ಅಣ್ಣ ಎದ್ದ.

"ಬರಾಕಿಲ್ಲ ಅದು" ಎನ್ನುತ್ತಲೇ ಅತ್ತಿಗೆ ಒಳಗಿನಿಂದ ತಳ್ಳಿದರು. ಗಂಡಸರಿಬ್ಬರೂ ಹೊರಗಿನಿಂದ ಎಳೆದರು. ಮಂಚ ಅರ್ಧ ಬಂದು ಬಾಗಿಲಲ್ಲಿ ಕಚ್ಚಿಕೊಂಡಿತು. ಹಿಂದಕ್ಕೂ ಹೋಗದು, ಮುಂದಕ್ಕೂ ಬಾರದು. ಅತ್ತಿಗೆ ಒಳಗೇ ಸೆರೆ.

"ಓರೆ ಮಾಡಿ ತಳ್ಳು" ಎಂದ ಅಣ್ಣ.

"ಕುದರದು ಅಂದ್ರೆ ಕುದರದು!" ಅತ್ತಿಗೆಗೆ ಸಿಟ್ಟು ಬಂದರೆ 'ಆಗದು' ಎನ್ನುವುದಕ್ಕೂ ತೆಲುಗು ಬರುತ್ತದೆ. ಸದ್ಯ, ಸ್ಕ್ರೂಡ್ರೈವರ್ ಅವರ ಕಡೆಯೇ ಇತ್ತು. ಗೊಣಗುತ್ತ ಮಂಚದ ಕಾಲು ಬಿಚ್ಚತೊಡಗಿದರು. ನಡುವೆ ಕೈ ನಿಲ್ಲಿಸಿ, "ನನ್ ಪಾಳಿ ಬಂತಾ? ದಾಳ ಇತ್ಲಾಗೆ ಎಸೀರಿ" ಎಂದರು.

"ಗವಿ ಮಂಚದ ಕಾಲೂ ಬಿಚ್ಚಿದೀವಿ ಅಂತ ಅಂದ್ಕಳಮ್ಮ" ಎಂದರು ನನ್ನ ಗಂಡ. ಒಪ್ಪಿದೆ.

ಆದರೆ ಅಣ್ಣ ನಿಯಮದ ಮನುಷ್ಯ. "ಇಷ್ಟೊತ್ತು ಒಂದೇ ಕಡೆ ನಿಂತ್ರೆ ಏನಾದ್ರೂ ಬತ್ತದಾ ಅಂತ ದಾಳ ಹಾಕ್ಬೇಕು. ನಮ್ ಬುಕ್ಕಲ್ಲಿ ಐತೆ" ಎಂದು ತನ್ನ ಗುಂಡಿಯನ್ನು ತಾನೇ ತೋಡಿದ. ಹಾಕಿದೆ. ಘಟಸರ್ಪವೇ ಮರಳಿ ಬಂತು, ನಿದ್ದೆಗೆಟ್ಟು, ಉರಿಯುತ್ತ. ಈ ಸಲ ಅದರ ಧೈರ್ಯಕ್ಕೆ ಕೊರತೆಯಿರಲಿಲ್ಲ. ಮೂವರು ವೀರರೂ ಒಂದೊಂದು ಬಂಗಾರದ ಕಾಲನ್ನು ಕಂಕುಳಲ್ಲಿ ಇರುಕಿಕೊಂಡು ಓಡಿದರು. ತಂದಷ್ಟಕ್ಕೆ ಪಾಯಿಂಟು ಕೊಟ್ಟೆ.

ನಿಜವಾದ ಮಂಚ ಒಳಗೆ ಹೋಗಿ, ಅತ್ತಿಗೆ ಹೊರಗೆ ಬಂದು ಊಟಕ್ಕೆ ಕೂತಾಗ ಮುದ್ದೆ ಆರಿ ಗಟ್ಟಿಯಾಗಿತ್ತು. ಅವರ ಚಿಂತೆಯೇ ಬೇರೆ.

"ಒಂದೇ ಕಾಲಿನ ಮಂಚದ ಮೇಲೆ ಅದು ಹೆಂಗ್ ಮಲಿಕಂತದೆ ಕಣಮ್ಮ, ಪಾಪ" ಎಂದು ಸಾರು ಬಡಿಸುತ್ತ ನನ್ನನ್ನೇ ಕೇಳಿದರು.